ಜಾಸ್ತಿ ಬಂದ ನಂಬರು ಮತ್ತೆ ಬರುತ್ತಾ? ಲಾಟರಿ ಚಾರ್ಟಿನ ಒಳಗಿನ ಲೆಕ್ಕ

ನನ್ನ ಸೋದರಮಾವನ ಹತ್ತಿರ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ಇತ್ತು. ಕರ್ನಾಟಕದಲ್ಲಿ ಲಾಟರಿ ನಿಷೇಧ ಆಗಿದ್ದು 2007ರಲ್ಲಿ. ಅದಕ್ಕೆ ಮೂರ್ನಾಲ್ಕು ವರ್ಷ ಮುಂಚಿನ ಮಾತು ಇದು. ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಅಂಗಡಿಯಲ್ಲಿ ಮೆಷಿನ್ ಇಟ್ಟುಕೊಂಡು ಆನ್‌ಲೈನ್ ಲಾಟರಿ ಮಾರುತ್ತಿದ್ದರು. 1ರಿಂದ 49ರ ಒಳಗೆ ಆರು ನಂಬರಿಗೆ ಗುರುತು ಹಾಕಿ ಸ್ಲಿಪ್ ಕೊಡಬೇಕು, ಆರೂ ಕೂಡಿ ಬಂದರೆ ಜಾಕ್‌ಪಾಟ್. ಮಾವ ಪ್ರತಿ ವಾರ ಫಲಿತಾಂಶ ಬರೆದುಕೊಂಡು, ಕೊನೆಯ ಪುಟದಲ್ಲಿ ಒಂದೊಂದು ನಂಬರಿನ ಮುಂದೆ ಒಂದೊಂದು ಗೀಟು ಎಳೆಯುತ್ತಿದ್ದರು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡಗೀಟು. ಯಾವ ನಂಬರಿಗೆ ಗೀಟು ಜಾಸ್ತಿಯೋ ಆ ಆರನ್ನೇ ಆಡುತ್ತಿದ್ದರು. "27 ಬಿಡಬಾರದು ಕಣೋ, ಅದು ಓಡ್ತಾ ಇದೆ" ಅಂತ ನನಗೂ ಹೇಳಿದ್ದರು.

ಮಾವ ದಡ್ಡರಾಗಿರಲಿಲ್ಲ. ಹಿಂದೆ ನಡೆದದ್ದನ್ನು ನೋಡಿ ಮುಂದಿನದನ್ನು ಊಹಿಸೋದು ನಮಗೆಲ್ಲ ಬದುಕು ಕಲಿಸಿದ ಪಾಠ. ಯಾವ ನಕ್ಷತ್ರದಲ್ಲಿ ಮಳೆ ಹಿಡಿಯುತ್ತೆ ಅಂತ ನೋಡಿಕೊಂಡೇ ರೈತರು ಬಿತ್ತನೆಗೆ ಇಳಿಯುತ್ತಾರೆ. ಹೋದ ಐದು ಮ್ಯಾಚಲ್ಲಿ ಚೆನ್ನಾಗಿ ಆಡಿದ ಬ್ಯಾಟ್ಸ್‌ಮನ್ ಆರನೆಯದರಲ್ಲೂ ಆಡಬಹುದು ಅಂದುಕೊಳ್ಳೋದರಲ್ಲಿ ತಪ್ಪೇನಿಲ್ಲ. ಅಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಒಂದು ಕಾರಣ ಇದೆ. ಮಳೆಗೆ ಮೋಡ, ಗಾಳಿ. ಆಟಗಾರನಿಗೆ ಕೈಚಳಕ, ಅಭ್ಯಾಸ. ಇಂಥ ಲಾಟರಿಯ ಡ್ರಾ ಅಂದರೆ ನಂಬರು ಬರೆದ ಚೆಂಡುಗಳನ್ನು ಮೆಷಿನ್ನಿಗೆ ಹಾಕಿ, ಗಾಳಿಯಿಂದ ಕುಣಿಸಿ ಆರನ್ನು ತೆಗೆಯೋದು. ಆ ಚೆಂಡಿನ ವಿಷಯದಲ್ಲಿ ಅಂಥ ಕಾರಣ ಎಲ್ಲಿದೆ ಅನ್ನೋದೇ ಪ್ರಶ್ನೆ. ಹೋದ ವಾರ ಬಂದ 27ನೇ ಚೆಂಡನ್ನು ಈ ವಾರ ಮತ್ತೆ ಉಳಿದ ಚೆಂಡುಗಳ ಜೊತೆಗೇ ಹಾಕುತ್ತಾರೆ. ತೂಕ ಅದೇ, ಅಳತೆ ಅದೇ. ಗಾಳಿ ಬಿಟ್ಟಾಗ ಅದು ಪಕ್ಕದ 28ಕ್ಕಿಂತ ಬೇರೆ ರೀತಿ ಯಾಕೆ ಹಾರಬೇಕು?

"ಹಾಗಾದ್ರೆ ಕೆಲವು ನಂಬರು ಜಾಸ್ತಿ ಬಂದಿರೋದು ಸುಳ್ಳಾ?" ಅಂತ ಕೇಳ್ತೀರಿ. ಸುಳ್ಳಲ್ಲ, ಜಾಸ್ತಿ ಬಂದಿರುತ್ತವೆ. ಎಲ್ಲರೂ ಎಡವೋದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮಗಳ ಹಾವು-ಏಣಿ ಆಟದ ದಾಳ ತಗೊಂಡು ಒಂದು ಭಾನುವಾರ 60 ಸಲ ಉರುಳಿಸಿದೆ. ಆರು ಮುಖ ಇವೆ, ಎಲ್ಲ ಸಮ ಅಂದರೆ ಒಂದೊಂದೂ ಹತ್ತತ್ತು ಸಲ ಬರಬೇಕು ಅಲ್ವಾ? ಬಂದದ್ದು ಹೀಗೆ: 1 ಎಂಟು ಸಲ, 2 ಹದಿಮೂರು, 3 ಒಂಬತ್ತು, 4 ಹದಿನಾಲ್ಕು, 5 ಏಳು, 6 ಒಂಬತ್ತು. ನಾಲ್ಕು ಐದಕ್ಕಿಂತ ಎರಡರಷ್ಟು ಬಂದಿದೆ. ಮಾವ ಇದ್ದಿದ್ದರೆ ನಾಲ್ಕು ಓಡ್ತಾ ಇದೆ ಅಂತಲೇ ಹೇಳುತ್ತಿದ್ದರು. ಮತ್ತೆ 60 ಸಲ ಉರುಳಿಸಿದೆ. ಈ ಸಲ ನಾಲ್ಕು ಬಂದದ್ದು ಒಂಬತ್ತು, ಏಳರಲ್ಲಿದ್ದ ಐದು ಬಂದದ್ದು ಹನ್ನೆರಡು. ದಾಳ ಬದಲಾಗಿಲ್ಲ, ಉರುಳಿಸಿದ ಕೈಯೂ ಬದಲಾಗಿಲ್ಲ. ಯಾವ ಪಕ್ಷಪಾತವೂ ಇಲ್ಲದ ದಾಳ ಕೂಡ ಲೆಕ್ಕ ಹಾಕಿದಂತೆ ಹತ್ತತ್ತು ಕೊಡೋದಿಲ್ಲ, ಆಚೆ ಈಚೆ ಓಡಾಡುತ್ತೆ. ನಿಜ ಹೇಳಬೇಕೆಂದರೆ ಪ್ರತಿ ಸಲವೂ ಎಲ್ಲ ಮುಖ ಸರಿಯಾಗಿ ಹತ್ತತ್ತು ಬಂದಿದ್ದರೆ ಆಗ ಏನೋ ಮೋಸ ಇದೆ ಅಂತ ನಾನು ಅನುಮಾನ ಪಡುತ್ತಿದ್ದೆ.

ಈಗ ಇದನ್ನೇ 49 ಚೆಂಡಿಗೆ ಹಾಕಿ. ಪ್ರತಿ ಡ್ರಾದಲ್ಲಿ ಆರು ಚೆಂಡು ತೆಗೆಯುತ್ತಾರೆ, ಹಾಗಾಗಿ ಒಂದು ನಂಬರು ಬರುವ ಸಾಧ್ಯತೆ 49ರಲ್ಲಿ 6. ಸಾವಿರ ಡ್ರಾ ಆದ ಮೇಲೆ ಒಂದೊಂದು ನಂಬರೂ ಸರಾಸರಿ 122 ಸಲ ಬಂದಿರಬೇಕು. ಆದರೆ ಅದೃಷ್ಟದ ಓಡಾಟಕ್ಕೂ ಒಂದು ಅಳತೆ ಇದೆ. ಸಾವಿರ ಡ್ರಾದಲ್ಲಿ ಆ ಅಳತೆ ಸುಮಾರು 10. ಹೆಚ್ಚಿನ ನಂಬರುಗಳು 112ರಿಂದ 132ರ ಒಳಗೆ ಇರುತ್ತವೆ, ತುದಿಯಲ್ಲಿರೋವು ಇದರ ಎರಡರಷ್ಟು ಅಥವಾ ಇನ್ನೂ ಸ್ವಲ್ಪ ದೂರ ಹೋಗುತ್ತವೆ. ಅಂದರೆ ಏನೂ ಮೋಸ ಇಲ್ಲದ, ಅಪ್ಪಟ ಪ್ರಾಮಾಣಿಕ ಲಾಟರಿಯಲ್ಲೂ ಸಾವಿರ ಡ್ರಾ ಆದ ಮೇಲೆ ಪಟ್ಟಿಯ ಮೇಲಿನ ನಂಬರು 145ರ ಸುಮಾರು, ಕೆಳಗಿನದು 100ರ ಸುಮಾರು ಇದ್ದೇ ಇರುತ್ತೆ. ಚಾರ್ಟ್ ನೋಡಿದವರಿಗೆ "ಅಬ್ಬಾ, ಒಂದು 145, ಇನ್ನೊಂದು 100!" ಅನ್ನಿಸುತ್ತೆ. ಆ ಅಂತರ ಇರಲೇಬೇಕು, ಅದು ಯಾವ ಗುಟ್ಟನ್ನೂ ಹೇಳುತ್ತಿಲ್ಲ.

ಇನ್ನೊಂದು ಕಡೆಯಿಂದ ಎಡವುವವರೂ ಇದ್ದಾರೆ. "ಕೊನೆಗೆ ಎಲ್ಲ ಸರಿಹೋಗುತ್ತೆ ಅಂತ ಗಣಿತದವರೇ ಹೇಳ್ತಾರಲ್ಲ, ಹಾಗಾದ್ರೆ ಹಿಂದೆ ಬಿದ್ದ ನಂಬರು ಈಗ ಬರಲೇಬೇಕು" ಅನ್ನೋದು ಅವರ ವಾದ. ಸರಿಹೋಗುತ್ತೆ, ಆದರೆ ಹೇಗೆ ಸರಿಹೋಗುತ್ತೆ ಅನ್ನೋದು ಮುಖ್ಯ. ಸಾರಿಗೆ ಉಪ್ಪು ಜಾಸ್ತಿ ಬಿದ್ದರೆ ಉಪ್ಪನ್ನು ಹೊರಗೆ ತೆಗೆಯೋಕೆ ಆಗಲ್ಲ, ನೀರು ಹಾಕಿ ತೆಳು ಮಾಡ್ತೀವಿ. ಲಾಟರಿಯಲ್ಲೂ ಅಷ್ಟೇ. 100 ಡ್ರಾದಲ್ಲಿ ಓಡಾಟದ ಅಳತೆ ಸರಾಸರಿಯ ಸುಮಾರು ಶೇ 27ರಷ್ಟು. 1,000 ಡ್ರಾದಲ್ಲಿ ಅದು ಶೇ 8.5, 10,000 ಡ್ರಾದಲ್ಲಿ ಶೇ 2.7. ಹಳೆಯ ವ್ಯತ್ಯಾಸವನ್ನು ಯಾರೂ ವಾಪಸ್ ಕಟ್ಟಿಕೊಡಲಿಲ್ಲ, ಮೇಲಿಂದ ಮೇಲೆ ಹೊಸ ಡ್ರಾಗಳು ಬಿದ್ದು ಅದು ತೆಳುವಾಯಿತು ಅಷ್ಟೇ.

ಈ "ಬಾಕಿ ಇರುವ ನಂಬರು" ಅನ್ನೋ ನಂಬಿಕೆ ಇಟಲಿಯಲ್ಲಿ ಎಷ್ಟು ದೊಡ್ಡ ಅನಾಹುತ ಮಾಡಿತು ನೋಡಿ. ಅಲ್ಲಿನ ಲೊಟ್ಟೊ ಅನ್ನೋ ಲಾಟರಿಯಲ್ಲಿ ಊರಿಗೊಂದು ಚಕ್ರ. ಪ್ರತಿ ಚಕ್ರದಲ್ಲಿ 90 ನಂಬರಿನಿಂದ ಐದು ತೆಗೆಯುತ್ತಾರೆ. ವೆನಿಸ್ ಚಕ್ರದಲ್ಲಿ 53 ಅನ್ನೋ ನಂಬರು 2003ರ ಮೇ ತಿಂಗಳಿಂದ ಬರೋದೇ ನಿಂತುಹೋಯಿತು. ತಿಂಗಳು ಕಳೆದಂತೆ ಜನರಿಗೆ ಅದೊಂದು ಜ್ವರವೇ ಹಿಡಿಯಿತು. ಈ ವಾರ ಬರಲೇಬೇಕು, ಮುಂದಿನ ವಾರ ಬರಲೇಬೇಕು ಅಂತ ಉಳಿತಾಯ ತೆಗೆದು, ಸಾಲ ಮಾಡಿ 53ರ ಮೇಲೆ ಕಟ್ಟಿದರು. ಒಟ್ಟು ಕಟ್ಟಿದ ಹಣ 300 ಕೋಟಿ ಯೂರೋ ದಾಟಿತು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಕೊನೆಗೆ 2005ರ ಫೆಬ್ರವರಿ 9ರಂದು, 182 ಡ್ರಾ ಕಾದ ಮೇಲೆ, 53 ಬಂತು. ಲೆಕ್ಕ ಹಾಕಿದರೆ ಒಂದು ನಿರ್ದಿಷ್ಟ ನಂಬರು ಸತತ 182 ಡ್ರಾ ಬಾರದಿರುವ ಸಾಧ್ಯತೆ ಸುಮಾರು 33,000ದಲ್ಲಿ ಒಂದು. ಕಮ್ಮಿಯೇ. ಆದರೆ ಆಗ ಹತ್ತು ಚಕ್ರ, ಚಕ್ರಕ್ಕೆ 90 ನಂಬರು, ಒಟ್ಟು 900 ಸಾಲುಗಳು ದಶಕಗಳಿಂದ ಓಡುತ್ತಲೇ ಇವೆ. ಅದರಲ್ಲಿ ಎಲ್ಲೋ ಒಂದು ಕಡೆ, ಯಾವತ್ತೋ ಒಂದು ದಿನ ಹೀಗಾಗೋದು ಅಂಥ ಪವಾಡ ಏನಲ್ಲ. ಇಷ್ಟು ಸಲ ಬಾರದಿದ್ದ ನಂಬರು ಮುಂದಿನ ಸಲ ಬರುವ ಸಾಧ್ಯತೆ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು, 18ರಲ್ಲಿ ಒಂದು.

ಜಾಸ್ತಿ ಬಂದ ನಂಬರಿನ ವಾದಕ್ಕೆ ವಾಪಸ್ ಬರೋಣ. ಆ ಕಡೆಯವರ ಹತ್ತಿರ ಒಂದು ಗಟ್ಟಿ ಮಾತಿದೆ, ಅದನ್ನು ತಳ್ಳಿಹಾಕಬಾರದು. ಚೆಂಡುಗಳೆಲ್ಲ ನಿಜಕ್ಕೂ ಸಮವಾ? ಒಂದು ಚೆಂಡು ಕೂದಲೆಳೆಯಷ್ಟು ಹಗುರ ಇದ್ದರೆ? ಆಗ ಜಾಸ್ತಿ ಬಂದ ನಂಬರು ಮುಂದೆಯೂ ಜಾಸ್ತಿ ಬರಬೇಕಲ್ಲ?

ಹೌದು, ತತ್ವಕ್ಕೆ ಹೌದು. 19ನೇ ಶತಮಾನದ ಕೊನೆಯಲ್ಲಿ ಜೋಸೆಫ್ ಜ್ಯಾಗರ್ ಅನ್ನೋ ಇಂಗ್ಲಿಷ್ ಮನುಷ್ಯ ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ಹೀಗೇ ಗೆದ್ದ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗುಂಡು ಯಾವ ನಂಬರಿಗೆ ಬೀಳುತ್ತೆ ಅಂತ ಬಾಜಿ ಕಟ್ಟುವ ಆಟ. ಜನರನ್ನು ಕೂರಿಸಿ ಆ ಚಕ್ರಗಳ ಫಲಿತಾಂಶ ಬರೆಸಿದ. ಒಂದು ಚಕ್ರ ಕೆಲವು ನಂಬರಿನ ಕಡೆಗೆ ವಾಲುತ್ತಿತ್ತು. ಅವುಗಳ ಮೇಲೆ ಕಟ್ಟಿ ದೊಡ್ಡ ಮೊತ್ತ ಬಾಚಿಕೊಂಡ. ಅಲ್ಲಿ ಇದು ಯಾಕೆ ನಡೆಯಿತು ಅಂದರೆ, ಅದು ಒಂದೇ ಚಕ್ರ, ದಿನವಿಡೀ ತಿರುಗುತ್ತಲೇ ಇತ್ತು, ಕೆಲವೇ ದಿನದಲ್ಲಿ ಸಾವಿರಾರು ಫಲಿತಾಂಶ ಕೈಗೆ ಸಿಕ್ಕಿತು.

ಲಾಟರಿಯಲ್ಲಿ ಇದು ಯಾವುದೂ ಇಲ್ಲ. ಬ್ರಿಟನ್ನಿನ ನ್ಯಾಷನಲ್ ಲಾಟರಿ 1994ರ ನವೆಂಬರಿನಲ್ಲಿ ಶುರುವಾಗಿ 2015ರವರೆಗೆ 49 ಚೆಂಡಿನಲ್ಲೇ ನಡೆಯಿತು. ಜಗತ್ತಿನಲ್ಲಿ ಹಾಟ್ ನಂಬರ್, ಅಂದರೆ ಜಾಸ್ತಿ ಬಂದ ನಂಬರಿನ ಪಟ್ಟಿಗಳು ಜಾಸ್ತಿ ಓಡಾಡಿದ ಲಾಟರಿಗಳಲ್ಲಿ ಅದೂ ಒಂದು. ಅಲ್ಲಿ ಡ್ರಾ ಮೆಷಿನ್ ಒಂದಲ್ಲ, ಹಲವು. ಅವಕ್ಕೆ ಆರ್ಥರ್, ಗ್ವಿನೆವಿಯರ್, ಲ್ಯಾನ್ಸ್‌ಲಾಟ್, ಮರ್ಲಿನ್ ಅಂತ ಹೆಸರಿಟ್ಟಿದ್ದರು. ಚೆಂಡಿನ ಸೆಟ್ಟೂ ಹಲವು. ಯಾವ ದಿನ ಯಾವ ಮೆಷಿನ್, ಯಾವ ಸೆಟ್ ಅನ್ನೋದನ್ನೂ ಮೊದಲೇ ನಿಗದಿ ಮಾಡದೆ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಅಂದರೆ ಚಾರ್ಟಿನಲ್ಲಿ "38 ಇಷ್ಟು ಸಲ ಬಂದಿದೆ" ಅಂತ ಇರುತ್ತಲ್ಲ, ಅದು ಒಂದು ಚೆಂಡಿನ ಲೆಕ್ಕವೇ ಅಲ್ಲ. ಬೇರೆ ಬೇರೆ ಡಬ್ಬಿಯಲ್ಲಿದ್ದ, ಬೇರೆ ಬೇರೆ ಮೆಷಿನ್ನಿನಲ್ಲಿ ಕುಣಿದ, 38 ಅಂತ ಬರೆದಿದ್ದ ಹಲವು ಚೆಂಡುಗಳ ಲೆಕ್ಕವನ್ನು ಕೂಡಿಸಿಟ್ಟದ್ದು. ಈ ಒಂದು ವಿಷಯ ಗೊತ್ತಾದಾಗ ನನಗೆ ಚಾರ್ಟಿನ ಮೇಲಿದ್ದ ಉಳಿದ ನಂಬಿಕೆಯೂ ಹೋಯಿತು. ಬೇರೆ ಬೇರೆ ಊರಲ್ಲಿರುವ ಐದು ಜನ ಮಂಜುನಾಥರ ಮಾರ್ಕ್ಸ್ ಕೂಡಿಸಿ "ಮಂಜುನಾಥ ಜಾಣ" ಅಂದ ಹಾಗೆ ಅದು.

ವಾದಕ್ಕೆ ಒಂದು ಚೆಂಡು ನಿಜಕ್ಕೂ ಶೇ 5ರಷ್ಟು ಜಾಸ್ತಿ ಬರುವ ಗುಣದ್ದು ಅಂತಲೇ ಇಟ್ಟುಕೊಳ್ಳಿ. ಅದನ್ನು ಅದೃಷ್ಟದ ಓಡಾಟದಿಂದ ಬೇರೆ ಮಾಡಿ ಗುರುತಿಸಬೇಕಾದರೆ ಸುಮಾರು 25,000 ಡ್ರಾ ಬೇಕು. ವಾರಕ್ಕೆ ಎರಡು ಡ್ರಾ ಅಂದರೆ ಹತ್ತಿರ ಹತ್ತಿರ 250 ವರ್ಷ. ಅಷ್ಟರಲ್ಲಿ ಚೆಂಡು ಎಷ್ಟು ಸಲ ಬದಲಾಗಿರುತ್ತೋ! ಇನ್ನೂ ಮುಂದೆ ಹೋಗಿ, ಅಂಥ ಆರು ಚೆಂಡು ಯಾವುವು ಅಂತ ದೇವರೇ ಬಂದು ಕಿವಿಯಲ್ಲಿ ಹೇಳಿದ ಅಂದುಕೊಳ್ಳಿ. ಆಗಲೂ ನಿಮ್ಮ ಜಾಕ್‌ಪಾಟ್ ಸಾಧ್ಯತೆ 1,39,83,816ರಲ್ಲಿ ಒಂದು ಇದ್ದದ್ದು ಸುಮಾರು 1 ಕೋಟಿ 4 ಲಕ್ಷದಲ್ಲಿ ಒಂದು ಆಗುತ್ತೆ, ಅಷ್ಟೇ. ವಾರಕ್ಕೆ ಎರಡು ಟಿಕೆಟ್ ತಗೊಂಡು ಆಡಿದರೆ ಮೊದಲನೆಯ ಲೆಕ್ಕದಲ್ಲಿ ಸರಾಸರಿ 1,34,000 ವರ್ಷ ಕಾಯಬೇಕು. ಎರಡನೆಯದರಲ್ಲಿ ಒಂದು ಲಕ್ಷ ವರ್ಷ.

ಚೆಂಡನ್ನು ನಿಜವಾಗಿಯೂ ಏರುಪೇರು ಮಾಡಿದ ಘಟನೆಯೂ ನಡೆದಿದೆ. 1980ರ ಏಪ್ರಿಲ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಮೂರಂಕಿ ಲಾಟರಿಯಲ್ಲಿ 4 ಮತ್ತು 6 ಬಿಟ್ಟು ಉಳಿದೆಲ್ಲ ಚೆಂಡಿನ ಒಳಗೆ ಬಣ್ಣ ತುಂಬಿ ಭಾರ ಮಾಡಿದ್ದರು. ಬಂದ ನಂಬರು 666. ಮಾಡಿದವರು ಸಿಕ್ಕಿಬಿದ್ದರು, ಜೈಲಿಗೂ ಹೋದರು. ಇದರಲ್ಲಿ ಗಮನಿಸಬೇಕಾದ್ದು, ಆ ಮೋಸವನ್ನು ಹಳೆಯ ಚಾರ್ಟ್ ನೋಡಿ ಯಾರೂ ಮೊದಲೇ ಊಹಿಸೋಕೆ ಆಗುತ್ತಿರಲಿಲ್ಲ. ಅದು ಒಂದು ದಿನದ ಕೆಲಸ, ಚಾರ್ಟಿನಲ್ಲಿ ಅದರ ಸುಳಿವೇ ಇರಲಿಲ್ಲ.

ಇಷ್ಟರವರೆಗೆ ಹೇಳಿದ್ದು ಹಾಟ್ ನಂಬರಿನಿಂದ ಲಾಭ ಇಲ್ಲ ಅಂತ. ಲಾಭ ಇಲ್ಲದಿದ್ದರೆ ನಷ್ಟವೂ ಇಲ್ಲವಲ್ಲ, ಯಾವುದೋ ಆರು ನಂಬರು ಹಾಕಲೇಬೇಕು, ಅದನ್ನೇ ಹಾಕಿದರಾಯಿತು ಅಂತ ಅನ್ನಿಸಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ನಷ್ಟ ಇದೆ, ಅದು ಗೆದ್ದ ದಿನ ಗೊತ್ತಾಗುತ್ತೆ. ಇಂಥ ಲಾಟರಿಗಳಲ್ಲಿ ಸಾಮಾನ್ಯವಾಗಿ ಜಾಕ್‌ಪಾಟ್ ಒಂದೇ ಗಂಟು. ಆರೂ ನಂಬರು ಕೂಡಿಬಂದವರು ಎಷ್ಟು ಜನವೋ ಅಷ್ಟು ಪಾಲು.

1995ರ ಜನವರಿ 14. ಬ್ರಿಟನ್ನಿನ ಅದೇ ಲಾಟರಿ ಶುರುವಾಗಿ ಒಂಬತ್ತನೇ ವಾರ. ಬಂದ ನಂಬರು 7, 17, 23, 32, 38, 42. ಆ ವಾರ ಸುಮಾರು ಏಳು ಕೋಟಿ ಟಿಕೆಟ್ ಹೋಗಿದ್ದವು. ಜನ ಸುಮ್ನೆ ಕಣ್ಣುಮುಚ್ಚಿ ನಂಬರು ಆರಿಸಿದ್ದರೆ ಐದು ಜನ ಗೆಲ್ಲಬೇಕಿತ್ತು. ಗೆದ್ದವರು 133 ಜನ! ಒಂದು ಕೋಟಿ 60 ಲಕ್ಷ ಪೌಂಡ್ ದಾಟಿದ ಗಂಟು ಹಂಚಿಹೋಗಿ ಒಬ್ಬೊಬ್ಬರಿಗೆ ಬಂದದ್ದು 1,22,510 ಪೌಂಡ್. ಅದೂ ಸಣ್ಣ ಹಣವಲ್ಲ ಬಿಡಿ, ಆದರೆ ಟಿವಿಯಲ್ಲಿ ಆರೂ ನಂಬರು ಕೂಡಿಬಂದದ್ದನ್ನು ನೋಡಿ ಕೋಟ್ಯಧಿಪತಿ ಆದೆ ಅಂದುಕೊಂಡ ಆ 133 ಮನೆಗಳನ್ನು ನೆನೆಸಿಕೊಳ್ಳಿ. ಯಾಕೆ ಹೀಗಾಯಿತು ಅಂದರೆ, ಆ ಆರೂ ನಂಬರು ಸ್ಲಿಪ್ಪಿನ ನಡುವಿನ ಸಾಲುಗಳಲ್ಲಿದ್ದವು, ಗುರುತು ಹಾಕುವ ಕೈ ಸಹಜವಾಗಿ ಹೋಗೋದು ಅಲ್ಲಿಗೇ. ಏಳು, ಹದಿನೇಳು ಹೇಗೂ ಎಷ್ಟೋ ಜನಕ್ಕೆ ಪ್ರೀತಿಯ ನಂಬರು.

ನಂಬರು ಆರಿಸುವಾಗ ಮನುಷ್ಯರೆಲ್ಲ ಎಷ್ಟು ಒಂದೇ ಥರ ಯೋಚಿಸುತ್ತೇವೆ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಬಲ್ಗೇರಿಯಾದ್ದು. 2009ರ ಸೆಪ್ಟೆಂಬರ್ 6ರಂದು ಅಲ್ಲಿ 4, 15, 23, 24, 35, 42 ಬಂತು. ಯಾರಿಗೂ ಹೊಡೆಯಲಿಲ್ಲ. ನಾಲ್ಕು ದಿನ ಬಿಟ್ಟು ನಡೆದ ಮುಂದಿನ ಡ್ರಾದಲ್ಲಿ ಅದೇ ಆರು ನಂಬರು ಮತ್ತೆ ಬಂದವು. ತನಿಖೆ ಆಯಿತು, ಮೋಸ ಸಿಗಲಿಲ್ಲ. ಈ ಸಲ ಗೆದ್ದವರು 18 ಜನ. ಮೊದಲ ಸಲ ಒಬ್ಬರೂ ಹಾಕಿರದ ನಂಬರನ್ನು ಎರಡನೇ ಸಲ 18 ಜನ ಹಾಕಿದ್ದು ಹೇಗೆ? ಹೋದ ಸಲ ಬಂದದ್ದು ಅಂತ ನೋಡಿ ಹಾಕಿದರು ಅನ್ನೋದು ಬಿಟ್ಟರೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ. ಗೆದ್ದದ್ದೇನೋ ಗೆದ್ದರು, ಆದರೆ ಹಂಚಿಕೊಂಡು.

ಹಾಟ್ ನಂಬರ್ ಪಟ್ಟಿಯ ತೊಂದರೆ ಇಲ್ಲೇ ಇದೆ. ಆ ಪಟ್ಟಿ ನಿಮ್ಮೊಬ್ಬರ ಹತ್ತಿರ ಇರೋದಿಲ್ಲ. ಯೂಟ್ಯೂಬಿನಲ್ಲಿ, ಆ್ಯಪಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಸಾವಿರಾರು ಜನ ಅದೇ ಆರು ನಂಬರನ್ನು ನೋಡಿ ಅದನ್ನೇ ಹಾಕಿರುತ್ತಾರೆ. ಅಕಸ್ಮಾತ್ ಅವು ಬಂದರೂ ಪಾಲುದಾರರು ಸಾಲುಗಟ್ಟಿ ನಿಂತಿರುತ್ತಾರೆ. ಬರುವ ಸಾಧ್ಯತೆ ಎಲ್ಲ ಆರರ ಗುಂಪಿಗೂ ಒಂದೇ ಅಂದಮೇಲೆ, ಯಾರೂ ಹಾಕದ ಗುಂಪು ಹಾಕೋದೇ ಲೇಸು. ಆಡಲೇಬೇಕು ಅನ್ನುವವರಿಗೆ ಗಣಿತ ಕೊಡಬಹುದಾದ ಸಲಹೆ ಇಷ್ಟೇ. ಹುಟ್ಟಿದ ತಾರೀಕು ಹಾಕುವವರು ಜಾಸ್ತಿ ಇರೋದರಿಂದ 31ರ ಮೇಲಿನ ನಂಬರು ಸ್ವಲ್ಪ ಜಾಸ್ತಿ ಇರಲಿ. ಸ್ಲಿಪ್ಪಿನಲ್ಲಿ ಚಂದ ಕಾಣುವ ಗೆರೆ, ಆಕಾರ ಬೇಡ. 1-2-3-4-5-6 ಅಂತೂ ಬೇಡವೇ ಬೇಡ, ನಾನೊಬ್ಬನೇ ಹಾಕ್ತಿದ್ದೀನಿ ಅಂದುಕೊಂಡು ಸಾವಿರಾರು ಜನ ಹಾಕುತ್ತಾರೆ. ಇದರಿಂದ ಗೆಲ್ಲುವ ಸಾಧ್ಯತೆ ಒಂದು ಕೂದಲಿನಷ್ಟೂ ಹೆಚ್ಚೋದಿಲ್ಲ, ಪಾಲು ಹಂಚೋದು ಮಾತ್ರ ಕಮ್ಮಿ ಆಗಬಹುದು.

ನಮ್ಮ ಕಡೆಯವರಿಗೆ ಇನ್ನೆರಡು ಮಾತು. ತಲಪಾಡಿ ದಾಟಿ ಹೋಗಿ ಕೇರಳ ಲಾಟರಿ ತಗೊಳ್ಳುವವರು ಕರಾವಳಿಯಲ್ಲಿ ತುಂಬಾ ಜನ ಇದ್ದಾರೆ. 2024ರ ತಿರುವೋಣಂ ಬಂಪರಿನ 25 ಕೋಟಿ ಮಂಡ್ಯ ಜಿಲ್ಲೆಗೆ ಬಂದ ಮೇಲಂತೂ ಒಳನಾಡಿನವರಿಗೂ ಆಸೆ ಹುಟ್ಟಿದೆ. ಅಲ್ಲಿ ಟಿಕೆಟ್ಟಿನ ಮೇಲೆ ನಂಬರು ಮೊದಲೇ ಅಚ್ಚಾಗಿರುತ್ತೆ, ನೀವು ಬರೆಯೋದಿಲ್ಲ. ಆದರೂ ಕೊನೆಯ ನಾಲ್ಕು ಅಂಕಿ ಯಾವುದು ಜಾಸ್ತಿ ಬಂದಿದೆ ಅಂತ ಚಾರ್ಟ್ ನೋಡಿ ಅಂಥ ಟಿಕೆಟ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಾರೆ. ನಾಲ್ಕು ಅಂಕಿಯಲ್ಲಿ 0000ದಿಂದ 9999ರವರೆಗೆ ಹತ್ತು ಸಾವಿರ ನಂಬರು, ಎಲ್ಲದಕ್ಕೂ ಒಂದೇ ಸಾಧ್ಯತೆ. ಕೈಗೆ ಸಿಕ್ಕ ಟಿಕೆಟ್ಟಿಗೂ ಅಲೆದು ತಂದ ಟಿಕೆಟ್ಟಿಗೂ ವ್ಯತ್ಯಾಸ ಇಲ್ಲ.

ಓಸಿ ಆಡುವವರ ಚಾರ್ಟಿನ ಕಥೆ ಇನ್ನೂ ಕೆಟ್ಟದು. ಈ ಓಪನ್-ಕ್ಲೋಸ್ ಅನ್ನೋ ಮಾತು ಬಂದದ್ದೇ ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಶುರುವಿನ ದರ, ಮುಗಿಯುವ ದರದ ಮೇಲೆ ಮುಂಬಯಿಯಲ್ಲಿ ಬಾಜಿ ಕಟ್ಟುತ್ತಿದ್ದ ಕಾಲದಿಂದ. ಆಮೇಲೆ ಮಡಕೆಯಿಂದ ಚೀಟಿ ಎತ್ತುವುದು ಬಂತು, ಮಟ್ಕಾ ಅಂತ ಹೆಸರಾಯಿತು. ಅದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಡೆ. ಇನ್ನೊಂದು ಕಡೆ, ಅಲ್ಲಿ ನಂಬರು ಹೇಗೆ ತೆಗೆದರು ಅಂತ ಪರೀಕ್ಷೆ ಮಾಡುವವರು ಯಾರೂ ಇಲ್ಲ. ಚೆಂಡು ತೂಗಿ, ಮೆಷಿನ್ ಬದಲಾಯಿಸಿ ನಡೆಸುವ ಲಾಟರಿಯಲ್ಲೇ ಚಾರ್ಟ್ ಕೆಲಸಕ್ಕೆ ಬಾರದು. ನಡೆಸುವವನೇ ನಂಬರು ಹೇಳುವ ಆಟದ ಚಾರ್ಟನ್ನು ದಯವಿಟ್ಟು ದುಡ್ಡು ಕೊಟ್ಟು ಕೊಳ್ಳಬೇಡಿ. "ಫಿಕ್ಸ್ ಜೋಡಿ" ಅಂತ ಮಾರುವವನಿಗೆ ನಿಜಕ್ಕೂ ಗೊತ್ತಿದ್ದರೆ ತಾನೇ ಆಡುತ್ತಿದ್ದ.

ನನ್ನ ಮಾತು ನಂಬಬೇಕಾಗಿಲ್ಲ, ನಿಮ್ಮ ಹತ್ತಿರ ಯಾವುದಾದರೂ ಲಾಟರಿಯ ಹಳೇ ಫಲಿತಾಂಶ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಟ್ಟಿಯನ್ನು ಸರಿಯಾಗಿ ಎರಡು ಭಾಗ ಮಾಡಿ. ಹಳೆಯ ಭಾಗದಲ್ಲಿ ಜಾಸ್ತಿ ಬಂದ ಆರು ನಂಬರು ಬರೆದುಕೊಳ್ಳಿ. ಆಮೇಲೆ ಹೊಸ ಭಾಗದಲ್ಲಿ ಆ ಆರು ಒಟ್ಟು ಎಷ್ಟು ಸಲ ಬಂದವು ಅಂತ ಎಣಿಸಿ. 49 ಚೆಂಡಿನ ಆಟವಾದರೆ ಹೊಸ ಭಾಗದ ಡ್ರಾಗಳ ಸಂಖ್ಯೆಯನ್ನು 36ರಿಂದ ಗುಣಿಸಿ 49ರಿಂದ ಭಾಗಿಸಿ, ಕಣ್ಣುಮುಚ್ಚಿ ಆರಿಸಿದ ಯಾವುದೇ ಆರಕ್ಕೆ ಸರಾಸರಿ ಬರೋದು ಅಷ್ಟು. ಅಮೆರಿಕದಲ್ಲಿರುವ ನಮ್ಮವರು ಪವರ್‌ಬಾಲ್ ಆಡುತ್ತಿದ್ದರೆ ಬಿಳಿ ಚೆಂಡು 69, ತೆಗೆಯೋದು ಐದು. ಹಾಗಾಗಿ ಐದು ನಂಬರು ಆರಿಸಿ, ಡ್ರಾ ಸಂಖ್ಯೆಯನ್ನು 25ರಿಂದ ಗುಣಿಸಿ 69ರಿಂದ ಭಾಗಿಸಬೇಕು. ಅದು 69 ಚೆಂಡಿಗೆ ಬಂದದ್ದು 2015ರ ಅಕ್ಟೋಬರಿನಲ್ಲಿ, ಅದಕ್ಕಿಂತ ಹಳೆಯ ಫಲಿತಾಂಶ ಸೇರಿಸಬೇಡಿ.

ಮಾವನ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ಅದರಲ್ಲಿ 104 ವಾರದ ಫಲಿತಾಂಶ ಇತ್ತು, 52-52 ಮಾಡಿಕೊಂಡು ಕೂತೆ. ಮೊದಲ 52 ವಾರದಲ್ಲಿ ಮುಂದಿದ್ದ ಆರು ನಂಬರು ಒಟ್ಟು 59 ಸಲ ಬಂದಿದ್ದವು, 27 ಒಂದೇ 11 ಸಲ. ಮುಂದಿನ 52 ವಾರದಲ್ಲಿ ಅದೇ ಆರು ಬಂದದ್ದು 37 ಸಲ. ಯಾವುದೇ ಆರಕ್ಕೆ ಬರಬೇಕಾದ ಸರಾಸರಿ 38. ಆ ಎರಡನೇ ವರ್ಷದಲ್ಲಿ 27 ಬಂದದ್ದು ನಾಲ್ಕೇ ಸಲ. ಮಾವ ಮಾತ್ರ ವರ್ಷವಿಡೀ ಅದನ್ನು ಬಿಡದೆ ಹಾಕಿದ್ದರು. ಪುಟದ ಅಂಚಿನಲ್ಲಿ ಪ್ರತಿ ವಾರ ಅದರ ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದಾರೆ.